ಬೈಕಲ್ಲಿ ಕೈ ಮರಗಟ್ಟುತ್ತಾ? ಹೊಸ ಗ್ಲೌಸ್ ತಗೊಳೋಕೆ ಮುಂಚೆ ದೋಷ ಎಲ್ಲಿದೆ ಅಂತ ಹುಡುಕಿ

ಎರಡು ವರ್ಷದ ಹಿಂದೆ ಧನುರ್ಮಾಸದಲ್ಲಿ ಒಂದಿನ ಬೆಳಗಿನ ಜಾವ ನಾಲ್ಕೂವರೆಗೆ ಬೆಂಗಳೂರು ಬಿಟ್ಟೆ, ಸಕಲೇಶಪುರದ ಹತ್ರ ಊರಿಗೆ ಹೋಗ್ಬೇಕಿತ್ತು. ನೆಲಮಂಗಲ ದಾಟೋವರೆಗೂ ಏನೂ ಅನ್ನಿಸ್ಲಿಲ್ಲ, ಕುಣಿಗಲ್ ಹತ್ರ ಬೆರಳ ತುದಿ ಚುರುಚುರು ಅನ್ನೋಕೆ ಶುರುವಾಯ್ತು, ಯಡಿಯೂರು ದಾಟೋಷ್ಟರಲ್ಲಿ ಆ ಚುರುಚುರುನೂ ನಿಂತೋಯ್ತು, ನಾನು ಕೈ ಚಳಿಗೆ ಹೊಂದ್ಕೊಂಡಿದೆ ಅಂದ್ಕೊಂಡೆ. ಹೊಂದ್ಕೊಂಡಿರ್ಲಿಲ್ಲ, ಸ್ಪರ್ಶ ಜ್ಞಾನನೇ ಹೋಗಿತ್ತು. ಬೆಳ್ಳೂರು ಕ್ರಾಸ್ ಸಮೀಪ ನಾಯಿ ಅಡ್ಡ ಬಂತು, ಬೆರಳು ಬ್ರೇಕ್ ಲಿವರ್ ಮೇಲೇ ಇತ್ತು ಆದ್ರೆ ಎಷ್ಟು ಒತ್ತಿದೀನಿ ಅನ್ನೋದೇ ಗೊತ್ತಾಗ್ತಿಲ್ಲ, ಅರ್ಧ ಒತ್ತಿದೀನೋ ಪೂರ್ತಿ ಒತ್ತಿದೀನೋ ಒಂದೂ ತಿಳೀಲಿಲ್ಲ. ನಾಯಿ ತಾನೇ ಪಕ್ಕಕ್ಕೆ ಹಾರ್ತು. ಅಲ್ಲೇ ಮುಂದೆ ಟೀ ಅಂಗಡಿ ಮುಂದೆ ನಿಲ್ಲಿಸಿ ಹೆಲ್ಮೆಟ್ ಬಕಲ್ ಒತ್ತೋಕೆ ಹೋದ್ರೆ ಹೆಬ್ಬೆರಳಲ್ಲಿ ಶಕ್ತಿನೇ ಇಲ್ಲ, ಅಂಗಡಿ ಅಜ್ಜ "ಬಾ ಮಗ ಇತ್ಲಾಗೆ, ನಾನ್ ತಗೀತೀನಿ" ಅಂತ ಅವ್ರೇ ಬಿಚ್ಚಿದ್ರು.

60ರ ಸ್ಪೀಡಲ್ಲಿ ಗಾಡಿ ಸೆಕೆಂಡಿಗೆ ಹತ್ರಹತ್ರ 17 ಮೀಟರ್ ಹೋಗುತ್ತೆ. ಮರಗಟ್ಟಿದ ಬೆರಳು ಅರ್ಧ ಸೆಕೆಂಡ್ ತಡ ಮಾಡಿದ್ರೂ 8 ಮೀಟರ್ ಹೋಯ್ತು, ಅಂದ್ರೆ ಎರಡು ಕಾರಿನ ಉದ್ದ. ಅದಕ್ಕೇ ಕೈ ತಣ್ಣಗಾಗೋದನ್ನ ಬ್ರೇಕ್ ಪ್ಯಾಡ್ ಸವೆದಿರೋ ಹಾಗೇ ಗಾಡಿಯ ಒಂದು ದೋಷ ಅಂತಾನೇ ನೋಡಿ ಅಂತ ಹೇಳ್ತಿರೋದು, "ಚಳಿಗಾಲ ಅಲ್ವಾ, ತಡ್ಕೋಬೇಕು" ಅಂತ ಬಿಡೋ ವಿಷಯ ಅಲ್ಲ ಇದು.

ಅವತ್ತು ನನ್ನ ಕೈಲಿ ಗ್ಲೌಸ್ ಇರ್ಲಿಲ್ಲ ಅಂತಲ್ಲ, ಒಳ್ಳೆ ದಪ್ಪ ಗ್ಲೌಸೇ ಇತ್ತು. ಊರಿಂದ ಬಂದ್ಮೇಲೆ ಅದಕ್ಕಿಂತ ದಪ್ಪದ್ದು ಮೂರು ಸಾವಿರ ಕೊಟ್ಟು ತಗೊಂಡೆ, ಮುಂದಿನ ಸಲನೂ ಅದೇ ಕಥೆ, ಅದೇ ಯಡಿಯೂರು ಹತ್ರ ಅದೇ ಬೆರಳು. ಆಮೇಲೆ ಹೊಳೀತು, ಗಾಡಿ ಮಿಸ್‌ಫೈರ್ ಆದ್ರೆ ಒಳ್ಳೆ ಮೆಕ್ಯಾನಿಕ್ ಮೊದಲು ಪ್ಲಗ್ ನೋಡ್ತಾರೆ, ಆಮೇಲೆ ಪೆಟ್ರೋಲ್, ಆಮೇಲೆ ಏರ್ ಫಿಲ್ಟರ್, ಒಂದೊಂದೇ ನೋಡ್ತಾರೆ ಹೊರತು ಬಂದ ತಕ್ಷಣ ಕಾರ್ಬುರೇಟರ್ ಬದಲಾಯಿಸಿ ಅನ್ನಲ್ಲ. ನಾನು ಕೈ ವಿಷಯದಲ್ಲಿ ನೇರ ಕಾರ್ಬುರೇಟರ್ ಬದಲಾಯಿಸ್ತಾ ಇದ್ದೆ.

ಮೊದಲು ಕೈಗೆ ಬಿಸಿ ಬರೋದು ಎಲ್ಲಿಂದ ಅನ್ನೋದು ತಲೇಲಿ ಇರ್ಲಿ. ಗ್ಲೌಸಿಂದ ಬರಲ್ಲ. ಗ್ಲೌಸ್ ಅನ್ನೋದು ಫ್ಲಾಸ್ಕ್ ಇದ್ದಹಾಗೆ, ಒಲೆ ಅಲ್ಲ, ಒಳಗೆ ಬಿಸಿ ಕಾಫಿ ಹಾಕಿದ್ರೆ ಬಿಸಿ ಉಳಿಸುತ್ತೆ, ಆರಿದ ಕಾಫಿ ಹಾಕಿದ್ರೆ ಆರಿದ್ದನ್ನೇ ಇಟ್ಕೊಂಡಿರುತ್ತೆ. ಬಿಸಿ ತರೋದು ರಕ್ತ. ಮೈ ಒಳಗಿನ 37 ಡಿಗ್ರಿ ಇಳಿಯೋ ಹಾಗೆ ಕಂಡ್ರೆ ದೇಹ ಮೊದಲು ಮಾಡೋ ಕೆಲಸ ಕೈಕಾಲಿಗೆ ಹೋಗೋ ರಕ್ತನಾಳಗಳನ್ನ ಸಣ್ಣ ಮಾಡಿ ಹೃದಯ, ಶ್ವಾಸಕೋಶ, ಮೆದುಳಿಗೆ ಬಿಸಿ ಉಳಿಸೋದು. ಹಾಗಾಗಿ ದೋಷ ಮೂರು ಕಡೆ ಇರ್ಬಹುದು: ರಕ್ತ ಬೆರಳಿನವರೆಗೆ ಬರ್ತಾ ಇಲ್ಲ, ಬಂದ ಬಿಸಿ ಸೋರ್ತಾ ಇದೆ, ಇಲ್ಲಾ ಅದು ಚಳಿನೇ ಅಲ್ಲ, ಬೇರೆ ಏನೋ.

"ನಮ್ಮ ಕರ್ನಾಟಕದಲ್ಲಿ ಅಂಥ ಚಳಿ ಎಲ್ಲಿದೆ, ಬೆಂಗಳೂರಲ್ಲಿ ಇದುವರೆಗೆ ದಾಖಲಾದ ಕನಿಷ್ಠನೇ 7.8 ಡಿಗ್ರಿ, ಅದೂ 1884ರಲ್ಲಿ" ಅನ್ನೋರಿದ್ದಾರೆ. ನಿಜ, ಆದ್ರೆ ಅದು ನಿಂತಿರೋ ಥರ್ಮಾಮೀಟರ್ ಲೆಕ್ಕ. ಹೊರಗೆ 10 ಡಿಗ್ರಿ ಇದ್ದು ನೀವು 60ರಲ್ಲಿ ಹೋಗ್ತಿದ್ರೆ ಬರೀ ಚರ್ಮಕ್ಕೆ ಅದು 5 ಡಿಗ್ರಿ ಇದ್ದಹಾಗೆ ಅನ್ಸುತ್ತೆ, ಅದೂ ಎರಡು ಗಂಟೆ ಬಿಡದೆ.

ಒಂದು ಕೈ ಮೇಲೆ ಮಾತ್ರ ಪ್ರಯೋಗ ಮಾಡಿ

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಇದೇ. ಏನೇ ಬದಲಾವಣೆ ಮಾಡಿದ್ರೂ ಒಂದೇ ಕೈಗೆ ಮಾಡಿ, ಇನ್ನೊಂದು ಕೈ ಹಾಗೇ ಇರ್ಲಿ. ಅದೇ ರಸ್ತೆ, ಅದೇ ಗಾಳಿ, ಅದೇ ಹೊತ್ತು, ಹಾಗಾಗಿ ವ್ಯತ್ಯಾಸ ಇದ್ರೆ ಅರ್ಧ ಗಂಟೇಲಿ ಎದ್ದು ಕಾಣುತ್ತೆ. ನೆನ್ನೆ ಒಂದು ಗ್ಲೌಸ್, ಇವತ್ತು ಒಂದು ಗ್ಲೌಸ್ ಅಂತ ಹೋಲಿಸಿದ್ರೆ ನೆನ್ನೆ ಚಳಿ ಎಷ್ಟಿತ್ತೋ ಇವತ್ತು ಎಷ್ಟಿದೆಯೋ, ಏನೂ ಗೊತ್ತಾಗಲ್ಲ. ಒಂದು ಎಚ್ಚರಿಕೆ, ಕ್ಲಚ್ ಕೈಗೂ ಆಕ್ಸಿಲರೇಟರ್ ಕೈಗೂ ಕೆಲಸ ಬೇರೆ ಬೇರೆ, ಅದಕ್ಕೆ ವಾಪಸ್ ಬರ್ವಾಗ ಕೈ ಅದಲು ಬದಲು ಮಾಡಿ ಇನ್ನೊಂದ್ಸಲ ನೋಡಿ.

ಇನ್ನೊಂದು, ಕೈ ತಣ್ಣಗಾದಾಗ "ಅಯ್ಯೋ ಚಳಿ" ಅಂತ ಸುಮ್ನಾಗ್ಬೇಡಿ, ಗಮನ ಇಟ್ಟು ನೋಡಿ ಎಲ್ಲಿ ಶುರುವಾಯ್ತು, ತುದೀಲಾ, ಬೆರಳಿನ ಮೇಲ್ಭಾಗದಲ್ಲಾ, ಮಣಿಕಟ್ಟಲ್ಲಾ, ಎರಡೂ ಕೈಯಾ ಒಂದೇನಾ, ಹೊರಟು ಎಷ್ಟು ಹೊತ್ತಾಗಿತ್ತು. ಮುಕ್ಕಾಲು ಭಾಗ ಉತ್ತರ ಅದರಲ್ಲೇ ಇದೆ.

ಎರಡೂ ಕೈ ತುದಿ, ನಿಧಾನಕ್ಕೆ, ಅರ್ಧ ಮುಕ್ಕಾಲು ಗಂಟೆ ಆದ್ಮೇಲೆ

ಗ್ಲೌಸ್ ಚೆನ್ನಾಗಿದ್ರೂ ಎರಡೂ ಕೈಯ ಬೆರಳ ತುದಿ ಸಮಸಮವಾಗಿ ತಣ್ಣಗಾಗ್ತಾ ಹೋದ್ರೆ ಕೈ ಬಿಟ್ಟು ಎದೆ ನೋಡಿ. ನನ್ನ ದೋಷ ಇಲ್ಲೇ ಇತ್ತು. ಗಾಡಿ ನಿಲ್ಲಿಸಿ ಜರ್ಕಿನ್ ಜಿಪ್ ಒಳಗೆ ಅಂಗೈ ಹಿಂಭಾಗ ಇಟ್ಟು ಎದೆ ಮುಟ್ಟಿ ನೋಡಿದೆ, ಟೀ ಶರ್ಟ್ ಮೇಲೇ ತಣ್ಣಗೆ ಕೊರೀತಾ ಇತ್ತು, ಜಿಪ್ ಉದ್ದಕ್ಕೂ ಒಂದು ಗೆರೆ ಎಳೆದ ಹಾಗೆ ಗಾಳಿ ನುಗ್ತಾ ಇದೆ, ಕತ್ತಿನ ಹತ್ರ ಕಾಲರ್ ತೆರೆದೇ ಇದೆ. ನನಗೆ ಎದೆ ಚಳಿ ಅಂತ ಅನ್ನಿಸ್ಲೇ ಇಲ್ಲ, ಯಾಕಂದ್ರೆ ಕೈ ನೋವೇ ಜಾಸ್ತಿ ಇತ್ತು, ಗಮನ ಎಲ್ಲಾ ಅಲ್ಲೇ.

ಪರೀಕ್ಷೆ ಬಿಟ್ಟಿ. ಟೀ ಅಂಗಡೀಲಿ ಹಳೇ ನ್ಯೂಸ್‌ಪೇಪರ್ ಕೇಳಿ ಇಸ್ಕೊಳಿ, ನಾಲ್ಕೈದು ಹಾಳೆ ಮಡಚಿ ಟೀ ಶರ್ಟಿಗೂ ಜರ್ಕಿನ್ನಿಗೂ ಮಧ್ಯೆ ಎದೆ ತುಂಬಾ ಬರೋ ಹಾಗೆ ಹಾಕ್ಕೊಳಿ, ಕತ್ತಿಗೆ ಮಫ್ಲರೋ ಟವೆಲ್ಲೋ ಸುತ್ತಿ ತುದಿ ಎರಡೂ ಒಳಗೆ ಸೇರಿಸಿ, ಹೊರಗೆ ನೇತಾಡ್ತಾ ಇದ್ರೆ ಅಪಾಯ. ಕೈಗೆ ಏನೂ ಬದಲಾಯಿಸಬೇಡಿ. ಇನ್ನೊಂದು 30 ಕಿಲೋಮೀಟರ್ ಹೋಗಿ ನೋಡಿ. ಕೈ ಮೊದಲಿಗಿಂತ ಬೆಚ್ಚಗಿದ್ರೆ ನಿಮಗೆ ಬೇಕಿರೋದು ಗ್ಲೌಸ್ ಅಲ್ಲ, ಒಂದು ಥರ್ಮಲ್ ಬನಿಯನ್, ಗಾಳಿ ತಡೆಯೋ ಜರ್ಕಿನ್, ಒಂದು ನೆಕ್ ಗೇಟರ್, ಅಂದ್ರೆ ಕತ್ತಿಗೆ ಹಾಕೋ ಬಟ್ಟೆ ಕೊಳವೆ, ಅಷ್ಟೇ. ನನಗೆ ಅರ್ಧಕ್ಕರ್ಧ ಸಮಸ್ಯೆ ಪೇಪರಿಂದಲೇ ಹೋಯ್ತು, ಅವತ್ತು ಚನ್ನರಾಯಪಟ್ಟಣದಲ್ಲಿ ಇಳಿದು ಹೆಲ್ಮೆಟ್ ಬಕಲ್ ನಾನೇ ಬಿಚ್ಚಿದೆ. ಬೆಳಿಗ್ಗೆ ಖಾಲಿ ಹೊಟ್ಟೇಲಿ ಹೊರಡೋದೂ ಇದೇ ಲೆಕ್ಕಕ್ಕೆ ಬರುತ್ತೆ, ಒಲೆಗೆ ಸೌದೆ ಹಾಕದೇ ಬಿಸಿ ಬರ್ಲಿ ಅಂದ್ರೆ ಬರಲ್ಲ, ಎರಡು ಇಡ್ಲಿನೋ ಬಾಳೆಹಣ್ಣೋ ತಿಂದು ಹೊರಡಿ.

ಬೆರಳಿನ ಮೇಲ್ಭಾಗ ಕೊರೆಯುತ್ತೆ, ಅಂಗೈ ಪರವಾಗಿಲ್ಲ

ಇದು ಗಾಳಿ. ಹ್ಯಾಂಡಲ್ ಹಿಡಿದಾಗ ಗಾಳಿಗೆ ಎದುರಾಗಿರೋದು ಬೆರಳ ಗೆಣ್ಣುಗಳೇ. ಉಲ್ಲನ್ ಗ್ಲೌಸ್, ಉಣ್ಣೆ ಹೆಣೆದಿರೋದು, ನಿಂತಲ್ಲಿ ಚೆನ್ನಾಗಿ ಬೆಚ್ಚಗಿರುತ್ತೆ, ಆದ್ರೆ ಬೈಕಲ್ಲಿ ಜಾಲರಿ ಇದ್ದಹಾಗೆ, ಗಾಳಿ ಸೀದಾ ಒಳಗೆ. ಪರೀಕ್ಷೆ ಮಾಡೋಕೆ ಮೆಡಿಕಲ್ ಸ್ಟೋರಲ್ಲಿ ಸಿಗೋ ತೆಳು ನೈಟ್ರೈಲ್ ಗ್ಲೌಸ್ ಒಂದು ಕೈಗೆ ಒಳಗೆ ಹಾಕಿ, ಅದರ ಮೇಲೆ ನಿಮ್ಮ ಗ್ಲೌಸ್, ಇನ್ನೊಂದು ಕೈಗೆ ಬರೀ ಗ್ಲೌಸ್. ಒಳಗೆ ಹಾಕಿದ ಕೈ ಗೆದ್ರೆ ಗಾಳಿನೇ ಕಳ್ಳ. ಆ ಗ್ಲೌಸ್ ಒಂದು ಸೈಜ್ ದೊಡ್ಡದೇ ತಗೊಳಿ, ಬಿಗಿ ಇದ್ರೆ ಇನ್ನೊಂದು ದೋಷ ಸೇರುತ್ತೆ, ಮತ್ತೆ ಬೆವರು ಹೊರಗೆ ಹೋಗಲ್ಲ, ಗಂಟೆಗೊಂದ್ಸಲ ತೆಗೆದು ಕೈ ಒರೆಸ್ಬೇಕು. ಇದು ಪರೀಕ್ಷೆಗೆ ಮತ್ತೆ ತುರ್ತಿಗೆ, ದಿನಾ ಹಾಕೋಕೆ ಅಲ್ಲ.

ಶಾಶ್ವತ ಪರಿಹಾರ ಹ್ಯಾಂಡ್‌ಗಾರ್ಡ್, ಅಂದ್ರೆ ಕೈಗೆ ಗಾಳಿ ಹೊಡೀದ ಹಾಗೆ ಹ್ಯಾಂಡಲ್ ಮುಂದೆ ಹಾಕ್ಸೋ ಅಡ್ಡ ತಡೆ. ನನ್ನ ಅಭಿಪ್ರಾಯದಲ್ಲಿ ಹ್ಯಾಂಡಲ್ ಹೀಟರ್‌ಗಿಂತ ಮುಂಚೆ ಹಾಕಿಸ್ಬೇಕಾದ್ದು ಇದು, ಗಾಳಿ ನಿಂತ್ರೆ ಸಾಧಾರಣ ಗ್ಲೌಸೂ ಕೆಲಸ ಮಾಡುತ್ತೆ. ದೆಹಲಿ, ಪಂಜಾಬ್ ಕಡೆ ಹ್ಯಾಂಡಲಿಗೆ ಚೀಲದ ತರ ಕವರ್ ಕಟ್ಟಿರ್ತಾರೆ, ಕೈ ಅದರೊಳಗೆ ತೂರಿಸಿ ಓಡಿಸ್ತಾರೆ, ಅದು ಇನ್ನೂ ಬೆಚ್ಚಗೆ. ಆದ್ರೆ ಹಾಕಿದ್ರೆ ಒಂದು ತಪ್ಪದೇ ನೋಡಿ: ಸ್ಪೀಡ್ ಹೋದಾಗ ಗಾಳಿ ಆ ಚೀಲವನ್ನ ಹಿಂದಕ್ಕೆ ಒತ್ತಿ, ಚೀಲ ಬ್ರೇಕ್ ಲಿವರನ್ನ ಒತ್ತಬಾರದು. ಹಿಂದೆ ಬರೋರಿಗೆ ಹೇಳಿ, ಬ್ರೇಕ್ ಹಿಡೀದೇ ಬ್ರೇಕ್ ಲೈಟ್ ಉರೀತಿದೆಯಾ ನೋಡು ಅಂತ. ಉರೀತಿದ್ರೆ ಹಾಕ್ಬೇಡಿ.

ಬ್ರೇಕ್ ಕ್ಲಚ್ ಮೇಲೆ ಇಡೋ ಎರಡು ಬೆರಳಿಗೆ ಮಾತ್ರ

ತೋರುಬೆರಳು, ಮಧ್ಯದ ಬೆರಳು ಮಾತ್ರ ಸೆಟೆದುಹೋಗಿ ಉಳಿದವು ಸರಿ ಇದ್ರೆ ಲಿವರ್ ಕಾರಣ. ಅದು ಬರೀ ಅಲ್ಯೂಮಿನಿಯಂ, ರಾತ್ರಿ ಎಲ್ಲಾ ಇಬ್ಬನೀಲಿ ನಿಂತಿರುತ್ತೆ, ಬೆರಳಿನ ಬಿಸಿ ಹೀರ್ತಾನೇ ಇರುತ್ತೆ, ಗಾಳಿ ಅದನ್ನ ತಣ್ಣಗೆ ಮಾಡ್ತಾನೇ ಇರುತ್ತೆ. ಎಲೆಕ್ಟ್ರಿಕಲ್ ಅಂಗಡೀಲಿ ಹೀಟ್ ಶ್ರಿಂಕ್ ಸ್ಲೀವ್, ಬಿಸಿ ತಾಗಿದ್ರೆ ಕುಗ್ಗೋ ಪ್ಲಾಸ್ಟಿಕ್ ಕೊಳವೆ, ಸಿಗುತ್ತೆ, ಲಿವರ್ ಉಂಡೆ ತುದಿ ಮೇಲೆ ಹಾಯೋ ಅಷ್ಟು ಅಗಲದ್ದು ತಗೊಂಡು ಏರಿಸಿ ಹೇರ್ ಡ್ರೈಯರ್ ಹಿಡಿದ್ರೆ ಕಚ್ಕೊಳುತ್ತೆ. ಇಲ್ಲಾಂದ್ರೆ ಪಂಕ್ಚರ್ ಅಂಗಡೀಲಿ ಹಳೇ ಸೈಕಲ್ ಟ್ಯೂಬ್ ಒಂದು ಗೇಣು ಕತ್ತರಿಸಿ ಇಸ್ಕೊಳಿ, ಒಳಗೆ ಸ್ವಲ್ಪ ಸೋಪು ನೀರು ಸವರಿ ತಿರುಗಿಸ್ತಾ ತಿರುಗಿಸ್ತಾ ಏರಿಸಿ, ನೀರು ಆರಿದ್ಮೇಲೆ ಅಲ್ಲಾಡಲ್ಲ. ನನ್ನ ಗಾಡೀಲಿ ಈಗಲೂ ಅದೇ ಇದೆ. ಹಾಕಿದ್ಮೇಲೆ ಲಿವರ್ ಪೂರ್ತಿ ಒತ್ತಿ ಬಿಟ್ಟು ನೋಡಿ, ಎಲ್ಲೂ ತಾಗದೇ ಪೂರ್ತಿ ವಾಪಸ್ ಬರ್ಬೇಕು.

ದಪ್ಪ ಗ್ಲೌಸ್ ಹಾಕಿದ ಹತ್ತೇ ನಿಮಿಷಕ್ಕೆ

ತೆಳು ಗ್ಲೌಸಿಗಿಂತ ದಪ್ಪ ಗ್ಲೌಸಲ್ಲೇ ಬೇಗ ತಣ್ಣಗಾಗ್ತಾ ಇದ್ರೆ ಬಿಗಿ ಆಗಿದೆ ಅಂತ ಅರ್ಥ. ಹ್ಯಾಂಡಲ್ ಹಿಡಿದ ಭಂಗೀಲಿ ಮುಷ್ಟಿ ಮಾಡಿ, ಬೆರಳ ತುದೀಲಿ ಗ್ಲೌಸ್ ಬಟ್ಟೆ ಇನ್ನೊಂದು ಕೈಲಿ ಚಿವುಟೋಕೆ ಸಿಗ್ಬೇಕು, ಒಂದೆರಡು ಮಿಲಿಮೀಟರ್ ಆದ್ರೂ. ಸಿಗ್ಲಿಲ್ಲ ಅಂದ್ರೆ ಬೆರಳ ತುದಿ ಒತ್ತಿ ಹಿಡಿದಂಗೆ, ರಕ್ತನೂ ಬರಲ್ಲ, ಬಿಸಿ ಹಿಡಿದಿಡೋ ಗಾಳಿ ಪದರಕ್ಕೂ ಜಾಗ ಇಲ್ಲ. ಗ್ಲೌಸ್ ಒಳಗೆ ಇನ್ನೊಂದು ಗ್ಲೌಸ್ ತುರುಕಿದ್ರೆ ಆಗೋದೂ ಇದೇ. ನಾನು ಮೂರು ಸಾವಿರಕ್ಕೆ ತಗೊಂಡಿದ್ದು ಇದೇ ಕಾರಣಕ್ಕೆ ಉಪಯೋಗಕ್ಕೆ ಬರ್ಲಿಲ್ಲ, ಅಂಗಡೀಲಿ ಕೈ ಚಾಚಿ ಹಾಕಿ ನೋಡಿದ್ದೆ, ಮುಷ್ಟಿ ಮಾಡಿ ನೋಡಿರ್ಲಿಲ್ಲ. ವಾಚ್ ಬೆಲ್ಟು, ಕೈಗೆ ಕಟ್ಟಿರೋ ದಾರ, ಗ್ಲೌಸ್ ಸ್ಟ್ರಾಪ್, ಉಂಗುರ ಎಲ್ಲಾ ನೋಡಿ. ಹಾಗೇ ಭಯಕ್ಕೆ ಹ್ಯಾಂಡಲ್ ಗಟ್ಟಿಯಾಗಿ ಹಿಚುಕಿ ಹಿಡಿಯೋ ಅಭ್ಯಾಸ ಇದ್ರೆ ಅದೂ ರಕ್ತ ತಡೆಯುತ್ತೆ, ಮಂಜಲ್ಲಿ ಹೋಗ್ವಾಗ ಎಲ್ಲರೂ ಹಾಗೇ ಹಿಡೀತೀವಿ.

ಮಣಿಕಟ್ಟಿಂದ ಶುರುವಾದ್ರೆ ಗ್ಲೌಸಿಗೂ ಜರ್ಕಿನ್ ತೋಳಿಗೂ ಮಧ್ಯೆ ಸಂದಿ ಇದೆ. ನಾಡಿ ನೋಡೋ ಜಾಗ ಅದು, ರಕ್ತನಾಳ ಚರ್ಮದ ಹತ್ರಾನೇ ಇರುತ್ತೆ. ಹಳೇ ಉಲ್ಲನ್ ಸಾಕ್ಸ್ ಪಾದದ ಭಾಗ ಕತ್ತರಿಸಿ ಬಿಸಾಕಿ, ಮೇಲಿನ ಕೊಳವೆ ಮಣಿಕಟ್ಟಿಗೆ ಹಾಕ್ಕೊಳಿ. ಮುಗೀತು.

ಹೊರಡ್ವಾಗಲೇ ಗ್ಲೌಸ್ ತಣ್ಣಗಿದ್ರೆ

ಒದ್ದೆ. ನೋಡೋಕೆ ಒಣಗಿದ ಹಾಗೇ ಕಾಣುತ್ತೆ, ಆದ್ರೆ ಒಳಗಿನ ಲೈನಿಂಗ್ ಸ್ವಲ್ಪ ತೇವ ಇದ್ರೂ ಸಾಕು, ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಬಿಸಿ ಎಳ್ಕೊಳುತ್ತೆ. ಗ್ಲೌಸ್ ಬಾಯಿ ಅಗಲ ಮಾಡಿ ಒಳಗಿನ ಲೈನಿಂಗನ್ನ ಕೆನ್ನೆಗೆ ಒತ್ತಿ ನೋಡಿ, ಬೆರಳಿಗೆ ಗೊತ್ತಾಗದ ತೇವ ಕೆನ್ನೆಗೆ ಗೊತ್ತಾಗುತ್ತೆ.

ಮೈಸೂರಿಂದ ಊಟಿಗೆ ಬೆಳಿಗ್ಗೆ ಹೋಗೋರಿಗೆ ಇದು ಪಕ್ಕಾ ಆಗುತ್ತೆ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ರಸ್ತೆ ಬಂದ್, ಎಲ್ಲರೂ ಐದೂಮುಕ್ಕಾಲಿಗೇ ಬಂದು ಗೇಟ್ ಮುಂದೆ ನಿಲ್ತೀವಿ, ಗ್ಲೌಸ್ ಬಿಚ್ಚಿ ಟ್ಯಾಂಕ್ ಮೇಲೋ ಮಿರರ್‌ಗೋ ಸಿಕ್ಕಿಸಿ ಮೊಬೈಲ್ ನೋಡ್ತಾ ಇರ್ತೀವಿ, ಇಬ್ಬನಿ ಅಷ್ಟೂ ಅದರ ಮೇಲೆ. ಗೇಟ್ ತೆಗೆದ್ರೆ ಅದೇ ಒದ್ದೆ ಗ್ಲೌಸ್ ಹಾಕ್ಕೊಂಡು ಬೆಟ್ಟ ಹತ್ತೋಕೆ ಹೊರಡ್ತೀವಿ, ಸಾವಿರ ಮೀಟರ್ ಏರಿದ್ರೆ ಸುಮಾರು 6 ಡಿಗ್ರಿ ಇಳಿಯುತ್ತೆ, ಮೈಸೂರು 770 ಮೀಟರ್, ಊಟಿ 2240, ನೀವೇ ಲೆಕ್ಕ ಹಾಕಿ. ನಿಂತಾಗ ಗ್ಲೌಸ್ ಬಿಚ್ಚಿದ್ರೆ ಜರ್ಕಿನ್ ಒಳಗೆ ಹೊಟ್ಟೆ ಹತ್ರ ಇಟ್ಕೊಳಿ.

ಹ್ಯಾಂಡಲ್ ಹೀಟರ್ ಹಾಕ್ಸಿದೀನಿ, ಆದ್ರೂ ತಣ್ಣಗೆ

ಮೊದಲು ತಿಳ್ಕೊಳಿ, ಅದು ಬಿಸಿ ಮಾಡೋದು ಅಂಗೈನ ಮಾತ್ರ, ಬೆರಳ ಮೇಲಿನ ಗಾಳಿಗೆ ಅದು ಉತ್ತರ ಅಲ್ಲ. ಅಂಗೈನೂ ತಣ್ಣಗಿದ್ರೆ ಮಾತ್ರ ವೈರಿಂಗ್ ನೋಡಿ.

ಎಡಗಡೆ ಬಲಗಡೆಗಿಂತ ಸ್ವಲ್ಪ ಕಮ್ಮಿ ಬಿಸಿ ಇದ್ರೆ ಅದು ಕೆಟ್ಟಿದೆ ಅಂತಲ್ಲ. ಬಲಗಡೆ ಗ್ರಿಪ್ ಆಕ್ಸಿಲರೇಟರಿನ ಪ್ಲಾಸ್ಟಿಕ್ ಟ್ಯೂಬ್ ಮೇಲೆ ಕೂತಿರುತ್ತೆ, ಎಡಗಡೇದು ನೇರ ಹ್ಯಾಂಡಲ್ ಪೈಪ್ ಮೇಲೆ, ಬಿಸಿ ಎಲ್ಲಾ ಕಬ್ಬಿಣಕ್ಕೆ ಹೋಗುತ್ತೆ. ಅದೇ ಬಲಗಡೆ ಪೂರ್ತಿ ಸತ್ತಿದ್ರೆ ನೂರಕ್ಕೆ ತೊಂಬತ್ತು ಪಾಲು ವೈರ್ ಕಟ್ ಅನ್ನೋದು ನನ್ನ ಅನುಭವ, ಯಾಕಂದ್ರೆ ಆ ವೈರು ಪ್ರತಿ ಸಲ ಆಕ್ಸಿಲರೇಟರ್ ತಿರುಗಿಸಿದಾಗ ಮಡಚ್ಕೊಳುತ್ತೆ, ಗ್ರಿಪ್ ಬುಡದಲ್ಲೇ ಒಳಗಿನ ತಾಮ್ರ ತುಂಡಾಗಿರುತ್ತೆ, ಹೊರಗಿನ ರಬ್ಬರ್ ಚೆನ್ನಾಗೇ ಕಾಣುತ್ತೆ. ಸ್ನೇಹಿತರೊಬ್ಬರ ಗಾಡೀಲಿ ಹೀಗೇ ಆಗಿತ್ತು, ಅಂಗಡಿಯವ್ರು ಕಂಟ್ರೋಲರ್ ಬದಲಾಯಿಸಿ ಅಂದ್ರು, ನಾವು ಮಲ್ಟಿಮೀಟರ್ ಇಟ್ಟು ಆಕ್ಸಿಲರೇಟರ್ ನಿಧಾನಕ್ಕೆ ತಿರುಗಿಸಿದ್ವಿ, ಒಂದು ಕಡೆ 8 ಓಮ್ ತೋರಿಸ್ತು, ಇನ್ನೊಂದಿಷ್ಟು ತಿರುಗಿಸಿದ್ರೆ ಏನೂ ಇಲ್ಲ, ಮತ್ತೆ ಬಿಟ್ರೆ 8. ಅಲ್ಲೇ ಸಿಕ್ತು. 18 ವ್ಯಾಟಿನ ಗ್ರಿಪ್ ಆದ್ರೆ 12 ವೋಲ್ಟಿಗೆ 8 ಓಮ್ ಹತ್ರ ಬರ್ಬೇಕು, ಒಂದೊಂದು ಗ್ರಿಪ್ ಒಂದೂವರೆ ಆಂಪಿಯರ್ ಎಳೆಯುತ್ತೆ. ಹೊಸ ವೈರ್ ಹಾಕ್ವಾಗ ಆಕ್ಸಿಲರೇಟರ್ ಪೂರ್ತಿ ತಿರುಗಿದ್ರೂ ಎಳೆಯದ ಹಾಗೆ ಸಡಿಲ ಬಿಡಿ, ಮತ್ತೆ ಕೈಬಿಟ್ರೆ ಆಕ್ಸಿಲರೇಟರ್ ಟಪ್ ಅಂತ ವಾಪಸ್ ಬರ್ಬೇಕು, ವೈರ್ ಅದನ್ನ ಹಿಡಿದಿಟ್ರೆ ಜೀವಕ್ಕೇ ಅಪಾಯ.

ಎರಡೂ ಗ್ರಿಪ್ ಸತ್ತಿದ್ರೆ ಫ್ಯೂಸ್, ಅರ್ಥ್, ಕೀ ಆನ್ ಮಾಡಿದಾಗ ಕರೆಂಟ್ ಬರೋ ಲೈನ್, ಈ ಕ್ರಮದಲ್ಲಿ ನೋಡಿ. ಎರಡೂ ಉಗುರುಬೆಚ್ಚಗೆ ಅಷ್ಟೇ ಅಂದ್ರೆ ಬ್ಯಾಟರಿ ಹತ್ರ ವೋಲ್ಟೇಜ್ ನೋಡಿ, ಇಂಜಿನ್ ಓಡ್ತಾ, ಹೆಡ್‌ಲೈಟ್ ಮತ್ತೆ ಹೀಟರ್ ಎರಡೂ ಆನ್ ಇಟ್ಟು, ರೈಡ್ ಮಾಡೋ ರೇಸಲ್ಲಿ 13ರ ಮೇಲೆ ಇರ್ಬೇಕು. 12.5ಕ್ಕೆ ಇಳೀತಾ ಇದ್ರೆ ಗಾಡಿ ಕೊಡೋದಕ್ಕಿಂತ ಜಾಸ್ತಿ ನೀವು ಎಳೀತಾ ಇದೀರಿ, ಊರು ಸೇರೋಷ್ಟರಲ್ಲಿ ಸೆಲ್ಫ್ ಹೊಡೆಯಲ್ಲ. 100, 125 ಸಿಸಿ ಗಾಡಿಗಳಿಗೆ ಹೀಟರ್ ನಾನಂತೂ ಹೇಳಲ್ಲ, ಹ್ಯಾಂಡ್‌ಗಾರ್ಡ್ ಹಾಕ್ಸಿ.

ಕೈ ಬೆಚ್ಚಗಿದೆ, ಆದ್ರೆ ಜೋಮು

ಮುಟ್ಟಿದ್ರೆ ಬೆಚ್ಚಗಿದ್ದು ಜೋಮು ಹಿಡಿದಿದ್ರೆ ಚಳಿ ಕಾರಣ ಅಲ್ಲ. ಕಿರುಬೆರಳು, ಉಂಗುರ ಬೆರಳಿಗಾದ್ರೆ ಅಂಗೈನ ಹೊರ ಅಂಚಿನ ಮೇಲೆ ಭಾರ ಬೀಳ್ತಿದೆ, ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳಿಗಾದ್ರೆ ಮಣಿಕಟ್ಟು ಮಡಚಿದೆ, ಲಿವರ್ ಕೋನ ಸರಿಮಾಡಿಸಿ, ಹ್ಯಾಂಡಲ್ ವೈಬ್ರೇಷನ್ ನೋಡಿ. ರಾತ್ರಿ ಮಲಗಿದಾಗಲೂ ಜೋಮು ಬಂದ್ರೆ ಡಾಕ್ಟರ್ ಹತ್ರ ಹೋಗಿ. ಹಾಗೇ ಸ್ವಲ್ಪ ಚಳಿಗೇ ಬೆರಳು ಸುಣ್ಣದ ಹಾಗೆ ಬೆಳ್ಳಗಾಗಿ, ಆಮೇಲೆ ನೀಲಿ, ಬಿಸಿಯಾದ್ಮೇಲೆ ಕೆಂಪು ಆಗೋರಿದ್ದಾರೆ, ಅದಕ್ಕೆ ರೇನಾಡ್ಸ್ ಅಂತಾರೆ, ಅವ್ರು ಯಾವ ಗ್ಲೌಸ್ ಪ್ರಯೋಗನೂ ಮಾಡ್ತಾ ಕೂರೋದು ಬೇಡ, ಮೊದಲು ಡಾಕ್ಟರ್. ಸಕ್ಕರೆ ಕಾಯಿಲೆ ಇರೋರೂ ಅಷ್ಟೇ. ಸಿಗರೇಟ್ ಸೇದೋರಿಗೆ, ಟೀ ಜೊತೆ ಒಂದು ದಮ್ ಎಳೆದ್ರೆ ಬೆಚ್ಚಗಾಗುತ್ತೆ ಅನ್ನೋದು ತಪ್ಪು, ನಿಕೋಟಿನ್ ರಕ್ತನಾಳ ಇನ್ನೂ ಸಣ್ಣ ಮಾಡುತ್ತೆ.

ದಾರೀಲಿ ಮರಗಟ್ಟೇಬಿಟ್ರೆ

ಹೆಬ್ಬೆರಳನ್ನ ಕಿರುಬೆರಳ ತುದಿಗೆ ಮುಟ್ಟಿಸಿ ನೋಡಿ. ಆಗ್ಲಿಲ್ಲ ಅಂದ್ರೆ ಮುಂದಿನ ಊರವರೆಗೆ ಹೋಗೋಣ ಅನ್ಬೇಡಿ, ಅಲ್ಲೇ ಪಕ್ಕಕ್ಕೆ ಹಾಕಿ. ಕ್ರಿಕೆಟಲ್ಲಿ ಬೌಲಿಂಗ್ ಮಾಡೋ ಹಾಗೆ ಕೈ ನೀಟಾಗಿ ಚಾಚಿ ಇಪ್ಪತ್ತು ಮೂವತ್ತು ಸುತ್ತು ಜೋರಾಗಿ ತಿರುಗಿಸಿ, ರಕ್ತ ಬೆರಳ ತುದಿಗೆ ನುಗ್ಗುತ್ತೆ, ಆಮೇಲೆ ಎರಡೂ ಕೈ ಕಂಕುಳಲ್ಲಿ ಇಟ್ಕೊಳಿ. ಸೈಲೆನ್ಸರ್, ಇಂಜಿನ್ ಮುಟ್ಟೋದು ಬೇಡ, ಮರಗಟ್ಟಿದ ಕೈಗೆ ಸುಟ್ಟಿದ್ದು ಗೊತ್ತಾಗಲ್ಲ, ಸಿಂಥೆಟಿಕ್ ಗ್ಲೌಸ್ ಕರಗಿ ಅಂಟ್ಕೊಳುತ್ತೆ. ಕುದಿಯೋ ನೀರಲ್ಲಿ ಅದ್ದೋದೂ ಅದೇ ತಪ್ಪು. ಟೀ ಗ್ಲಾಸ್ ಹಿಡ್ಕೊಳೋದಾದ್ರೆ ಮೊದಲು ತುಟಿಗೆ ತಾಗಿಸಿ ಬಿಸಿ ಎಷ್ಟಿದೆ ನೋಡಿ. ರಕ್ತ ವಾಪಸ್ ಬರ್ವಾಗ ಉಗುರಿನ ಬುಡದಲ್ಲಿ ಸೂಜಿ ಚುಚ್ಚಿದಂಗೆ ನೋವಾಗುತ್ತೆ, ಐದತ್ತು ನಿಮಿಷ ತಡ್ಕೊಂಡು ಪೂರ್ತಿ ಹೋದ್ಮೇಲೆ ಹೊರಡಿ.

ನಾನೀಗ ಹೋಗ್ವಾಗ ಥರ್ಮಲ್ ಬನಿಯನ್, ಕತ್ತಿಗೆ ಗೇಟರ್, ಒಂದು ಸೈಜ್ ದೊಡ್ಡ ಗ್ಲೌಸ್, ಲಿವರ್ ಮೇಲೆ ಸೈಕಲ್ ಟ್ಯೂಬ್, ಹ್ಯಾಂಡ್‌ಗಾರ್ಡ್, ಇಷ್ಟೇ. ಹಾಸನದವರೆಗೂ ಕೈ ಬೆಚ್ಚಗೇ ಇರುತ್ತೆ. ಅಲ್ಲಿಂದ ಮುಂದೆ ಕಾವಳ ಇಳಿದ್ರೆ ಗ್ಲೌಸ್ ನೆನೆಯೋದು ತಪ್ಪಿಸೋಕೆ ನನಗಿನ್ನೂ ಆಗಿಲ್ಲ, ಅದಕ್ಕೆ ಇನ್ನೊಂದು ಜೊತೆ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಜರ್ಕಿನ್ ಒಳಗೆ ಇಟ್ಕೊಂಡಿರ್ತೀನಿ, ಹಾಸನ ಬೈಪಾಸಲ್ಲಿ ನಿಲ್ಲಿಸಿ ಬದಲಾಯಿಸ್ಕೊತೀನಿ, ಮೈ ಬಿಸಿಗೆ ಅದು ಕಾದು ಆಗ ತಾನೇ ಇಸ್ತ್ರಿ ಮಾಡಿದ ಬಟ್ಟೆ ತರ ಬೆಚ್ಚಗಿರುತ್ತೆ.